ಇಳಿಯದ ಹೆದರಿಕೆ

ಅವರ ಹೆಸರು ನನಗೆ ಚೆನ್ನಾಗಿ ಗೊತ್ತು. ಆದರೂ ಬರೆಯುವುದಿಲ್ಲ. ನಿವೃತ್ತರಾದ ಮೇಲೆ ಶಿವಮೊಗ್ಗದಿಂದ ಯಾರೋ ಒಬ್ಬರು ಪತ್ರಿಕೆಗೆ ಅವರ ಕುರಿತು ಬರೆಯಬೇಕೆಂದು ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಮನೆಗೆ ಹುಡುಕಿಕೊಂಡು ಹೋಗಿದ್ದರಂತೆ. "ಮಕ್ಕಳ ಬಗ್ಗೆ ಬರೀರಿ. ನಂದೆಂತ ಬರೀತೀರಿ ಮಾರಾಯ್ರೇ?" ಎಂದು ಹಪ್ಪಳ ಸುಟ್ಟುಕೊಟ್ಟು, ಕಾಫಿ ಕುಡಿಸಿ ಕಳಿಸಿಬಿಟ್ಟರಂತೆ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಆ ಮಾತನ್ನು ನಾನು ಅರ್ಧ ಮೀರುತ್ತಿದ್ದೇನೆ. ಊರಿನವರಿಗೆಲ್ಲ ಅವರು ನರ್ಸಮ್ಮ. ಇಲ್ಲಿಯೂ ಹಾಗೇ ಇರಲಿ.

ನಾನು ಹೊಸನಗರ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದಾಗ ಎಪ್ಪತ್ತರ ದಶಕ ಮುಗಿಯುತ್ತಿತ್ತು. ಅದೇ ಊರಿನ ಒಂದು ಗೌಡರ ಮನೆಗೆ ಸೊಸೆಯಾಗಿ ಬಂದಿದ್ದೆ. ಕೆಲಸವೂ ಅಲ್ಲೇ ಸಿಕ್ಕಿತು. ಹತ್ತಿರದಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಎಲ್ಲೆಲ್ಲಿಂದಲೋ ಕೂಲಿಯವರು ಬಂದು ತಗಡಿನ ಶೆಡ್ಡುಗಳಲ್ಲಿ ಇದ್ದರು. ಶೆಡ್ಡುಗಳಿಗೂ ಕೆಲಸದ ಜಾಗಕ್ಕೂ ನಡುವೆ ಒಂದು ಸಾರಾಯಿ ಅಂಗಡಿ. ಶೆಡ್ಡಿನ ಮಕ್ಕಳೆಲ್ಲ ನನ್ನ ಒಂದನೇ ತರಗತಿಗೆ ಬರುತ್ತಿದ್ದರು.

ನರ್ಸಮ್ಮ ಆಗ ನಲವತ್ತೆಂಟರ ಆಸುಪಾಸಿನವರು. ಗಿಡ್ಡ ಆಳು. ಬಿಳಿ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕಿಕೊಂಡು ಓಡಾಡುತ್ತಿದ್ದರು. ಯಾರಾದರೂ ನಕ್ಕರೆ "ರಕ್ತ ಹೀರೋ ಇಂಬಳಕ್ಕೆ ಗಂಡಸ್ರು ಹೆಂಗಸ್ರು ಅಂತ ಭೇದ ಇಲ್ಲ, ನಂಗೂ ಇಲ್ಲ" ಎನ್ನುತ್ತಿದ್ದರು. ಯಾವ ಮನೆಗೆ ಹೋದರೂ ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ಬಾಣಂತಿ ಎಲ್ಲಿ ಕೂತಿದ್ದಾಳೋ ಅಲ್ಲೇ ನೆಲದ ಮೇಲೆ. ಬಾಯಲ್ಲಿ ಸದಾ ಒಂದು ಲವಂಗ. ಕೆಲಸದಲ್ಲಿ ಎಷ್ಟು ಚುರುಕೋ ಕಾಗದಪತ್ರದಲ್ಲಿ ಅಷ್ಟೇ ಸೋಮಾರಿ. ತಿಂಗಳ ವರದಿ ಎಂದೂ ಹೊತ್ತಿಗೆ ಸರಿಯಾಗಿ ಕಳಿಸಿದವರಲ್ಲ. ಡಾಕ್ಟರು ಬೈದರೆ ತಿರುಗಿ ಬೈಯುತ್ತಿದ್ದರು. ಆದರೆ ತಾವು ಹೆರಿಗೆ ಮಾಡಿಸಿದ ಒಂದೊಂದು ಮಗುವಿನ ವಿಷಯವನ್ನೂ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಪ್ಪದೆ ಬರೆಯುತ್ತಿದ್ದರು. ಅದನ್ನು ಬರೆಯಿರೆಂದು ಯಾರೂ ಹೇಳಿರಲಿಲ್ಲ.

ನನಗೆ ಅವರ ಪರಿಚಯವಾದದ್ದು ನನ್ನ ತಪ್ಪಿನಿಂದ.

ನನ್ನ ತರಗತಿಯಲ್ಲಿ ಗಿರಿಜಾ ಎಂಬ ಹುಡುಗಿಯಿದ್ದಳು. ವಯಸ್ಸು ಏಳು, ನೋಡಿದರೆ ಐದರ ಮಗು. ಪುಟ್ಟ ತಲೆ, ಪುಟ್ಟ ಕಣ್ಣು. ಮೂಗಿಗೂ ಮೇಲ್ದುಟಿಗೂ ನಡುವೆ ನಮಗೆಲ್ಲ ಇರುವ ಆ ಸಣ್ಣ ತಗ್ಗು ಅವಳಿಗೆ ಇರಲಿಲ್ಲ. ಒರೆಸಿ ತೆಗೆದ ಹಾಗೆ ಸಪಾಟಾಗಿತ್ತು. ವರ್ಷವಿಡೀ ಕಿವಿ ಸೋರುತ್ತಿತ್ತು. ಕಾಲಿಗೆ ಮುಳ್ಳು ಚುಚ್ಚಿದರೂ ತಿಂಗಳುಗಟ್ಟಲೆ ಕೀವು. ಊರಿಗೆ ಬಂದ ಕೆಮ್ಮು ಮೊದಲು ಅವಳಿಗೇ ಬರುತ್ತಿತ್ತು, ಕೊನೆಗೆ ಅವಳನ್ನು ಬಿಡುತ್ತಿತ್ತು. ಸೋಮವಾರ ಕಲಿತ 'ಅ' ಮಂಗಳವಾರ ಮರೆತಿರುತ್ತಿದ್ದಳು. ಒಂದು ಕಡೆ ಕೂರುತ್ತಿರಲಿಲ್ಲ. ದಾರಿಯಲ್ಲಿ ಹೋಗುವ ಅಪರಿಚಿತರ ಕೈ ಹಿಡಿದುಕೊಂಡು ಹೊರಟುಬಿಡುತ್ತಿದ್ದಳು. ಗಂಟೆ ಹೊಡೆದರೆ ಮಾತ್ರ ಕಿರುಚಿ ಬೆಂಚಿನ ಕೆಳಗೆ ನುಸುಳುತ್ತಿದ್ದಳು. ನಾನು ಅದನ್ನೆಲ್ಲ ಹಟ ಎಂದುಕೊಂಡಿದ್ದೆ.

ಒಂದು ದಿನ ಬೆಳಿಗ್ಗೆ ಅವಳು ಪಕ್ಕದ ಹುಡುಗಿಯ ಪುಸ್ತಕ ಹರಿದಳು. ಬೆತ್ತದಿಂದ ನಾಲ್ಕು ಬಾರಿಸಿದೆ. ಎರಡು ಗಂಟೆಯ ಹೊತ್ತಿಗೆ ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕಿದ ಗುರುತು ನೋಡಲೆಂದು ನರ್ಸಮ್ಮ ಶಾಲೆಗೆ ಬಂದರು. ಮೂಲೆಯಲ್ಲಿ ಮುದುಡಿ ಕೂತಿದ್ದ ಗಿರಿಜಾಳನ್ನು ಕಂಡು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅವಳ ಕೈ ಹಿಡಿದು ಗಡಿಯಾರ ನೋಡಿದರು. ಆಮೇಲೆ ನನ್ನನ್ನು ಕರೆದರು.

"ಟೀಚರಮ್ಮ, ಹೊಡೆದದ್ದು ಯಾವಾಗ?"

"ಬೆಳಿಗ್ಗೆ, ಪ್ರಾರ್ಥನೆ ಆದ ಮೇಲೆ."

"ನಿಮ್ಮ ಸಿಟ್ಟು ಇಳೀತಾ?"

"ಆಗಲೇ ಇಳೀತು."

"ಇವಳ ಹೆದರಿಕೆ ಇನ್ನೂ ಇಳಿದಿಲ್ಲ. ಇಲ್ಲಿ ಹಿಡಿದು ನೋಡಿ."

ನನ್ನ ಬೆರಳುಗಳನ್ನು ಆ ಮಗುವಿನ ಮಣಿಕಟ್ಟಿನ ಮೇಲೆ ಇಟ್ಟರು. ಬಲೆಗೆ ಬಿದ್ದ ಹಕ್ಕಿಯ ಎದೆ ಮುಟ್ಟಿದ ಹಾಗಾಯಿತು. ಹೊಡೆದು ನಾಲ್ಕು ಗಂಟೆ ಕಳೆದಿತ್ತು. ಉಳಿದ ಮಕ್ಕಳು ಪೆಟ್ಟು ತಿಂದು ಅರ್ಧ ಗಂಟೆಗೆ ಆಟಕ್ಕೆ ಓಡುತ್ತಿದ್ದರು.

"ಇವಳದ್ದು ಹಟ ಅಲ್ಲ ಟೀಚರಮ್ಮ. ನಂಗೂ ನಿಮಗೂ ಹೆದರಿಕೆ ಹತ್ತಿದ್ರೆ ಇಳೀತದೆ. ಇವಳಿಗೆ ಹತ್ತೋದು ಬೇಗ, ಇಳಿಯೋ ಮೆಟ್ಟಿಲು ಇಲ್ಲ. ತಾಯಿ ಹೊಟ್ಟೆಯೊಳಗೇ ಹಾಳಾಗಿದೆ."

ಬೈದಿದ್ದರೆ ನಾನೂ ಏನಾದರೂ ಹೇಳಿ ಸಮರ್ಥಿಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಆ ದಿನದ ನಂತರ ನಾನು ಯಾವ ಮಗುವಿಗೂ ಬೆತ್ತ ಎತ್ತಿಲ್ಲ.

ಮುಂದಿನ ವಾರ ಅವರೇ ಒಂದು ಉಪಾಯ ಹೇಳಿದರು. "ಗಂಟೆ ಹೊಡೆಯೋ ಕೆಲಸ ಇವಳಿಗೇ ಕೊಡಿ. ಶಬ್ದ ಯಾವಾಗ ಬರ್ತದೆ ಅಂತ ಗೊತ್ತಿದ್ರೆ ಅಷ್ಟು ಬೆಚ್ಚಲ್ಲ." ಹೆಡ್‌ಮಾಸ್ಟರು ನಕ್ಕರು. ನಾನು ಹಟ ಹಿಡಿದು ಕೊಡಿಸಿದೆ. ಮೊದಲ ದಿನ ಗಿರಿಜಾ ಒಂದೇ ಪೆಟ್ಟು ಹೊಡೆದು ಓಡಿಬಂದಳು. ಹದಿನೈದು ದಿನದಲ್ಲಿ ಬೆಂಚಿನ ಕೆಳಗೆ ನುಸುಳುವುದು ನಿಂತಿತು. ಅಕ್ಷರ ಮರೆಯುವುದು ನಿಲ್ಲಲಿಲ್ಲ. ನರ್ಸಮ್ಮ ಪವಾಡ ಮಾಡುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ದಿನಾ ಅದೇ ಜಾಗದಲ್ಲಿ ಕೂರಿಸಿ, ಕೂಗಬೇಡಿ ಎಂದು ಹೇಳುತ್ತಿದ್ದರು, ಅಷ್ಟೇ.

ಆ ನೋಟ್‌ಬುಕ್ಕನ್ನು ನನಗೆ ತೋರಿಸಿದ್ದು ಆಗಲೇ. ಬಸುರಿನಲ್ಲಿ ತಾಯಿ ಕುಡಿಯುತ್ತಿದ್ದಳೇ ಎಂಬುದನ್ನು ಅವರು ಒಂದೊಂದು ಮಗುವಿನ ಹೆಸರಿನ ಮುಂದೆಯೂ ಗುರುತು ಮಾಡಿದ್ದರು. ಗುರುತಿದ್ದ ಮಕ್ಕಳ ಪುಟದಲ್ಲಿ ಮತ್ತೆ ಮತ್ತೆ ಅವೇ ಮಾತು: ತೂಕ ಕಡಿಮೆ, ಮೊಲೆ ಚೀಪುವುದಿಲ್ಲ, ದಡಾರ ಜೋರು, ಕಿವಿ ಸೋರುತ್ತದೆ, ನಿದ್ದೆಯಿಲ್ಲ, ಮುಟ್ಟಿದರೆ ಬೆಚ್ಚುತ್ತದೆ. ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದಾಗ "ಬಡವರ ಮಕ್ಕಳು, ಊಟ ಇಲ್ಲ, ಅದಕ್ಕೆ ಹಾಗೆ. ನೀವು ವರದಿ ಮೊದಲು ಕಳಿಸಿ" ಎಂದರಂತೆ. ಕೊನೆಗೆ ಒಂದು ಶಿಬಿರಕ್ಕೆ ಬಂದಿದ್ದ, ಇನ್ನೂ ಚಿಕ್ಕ ವಯಸ್ಸಿನ, ಮಕ್ಕಳ ಡಾಕ್ಟರಮ್ಮ ಒಬ್ಬರು ಅದನ್ನು ಪುಟಪುಟವಾಗಿ ನೋಡಿದರು. ಹೊರದೇಶದ ಡಾಕ್ಟರುಗಳೂ ಈಗೀಗ ಇದನ್ನೇ ಬರೆಯುತ್ತಿದ್ದಾರೆ, ತಾಯಿ ಕುಡಿದದ್ದು ಹೊಕ್ಕುಳಬಳ್ಳಿಯಲ್ಲಿ ನೇರ ಕೂಸಿಗೆ ಹೋಗುತ್ತದೆ ಎಂದರು. ಮಿದುಳಿಗೆ ಪೆಟ್ಟು ಬೀಳುತ್ತದೆ. ಹೆದರಿಕೆಯಾದಾಗ ಮೈಯಲ್ಲಿ ಏಳುವ ಹಾರ್ಮೋನುಗಳ ಹದ ತಪ್ಪಿರಬಹುದು. ರೋಗವನ್ನು ಎದುರಿಸುವ ಶಕ್ತಿಯೂ ಕುಗ್ಗಬಹುದು. ಇನ್ನೂ ತಿಳಿಯಬೇಕಾದದ್ದು ಬಹಳ ಇದೆ ಎಂದೂ ಹೇಳಿದರಂತೆ.

"ಆವತ್ತು ಬಸ್ಸಲ್ಲಿ ಕೂತು ಅತ್ಬಿಟ್ಟೆ ಮಾರಾಯ್ರೇ" ಎಂದರು ನರ್ಸಮ್ಮ. "ನಂಗೆ ತಲೆ ಕೆಟ್ಟಿಲ್ಲ ಅಂತ ಆಯ್ತಲ್ಲ, ಅದ್ಕೆ ಸಂತೋಷ. ಇದು ನಿಜ ಅಂತಲೂ ಆಯ್ತಲ್ಲ, ಅದ್ಕೆ ದುಃಖ."

ನಿಜ ಎಂದು ತಿಳಿದ ಮೇಲೆ ನನ್ನ ಸಿಟ್ಟೆಲ್ಲ ಗಿರಿಜಾಳ ತಾಯಿ ಚೌಡಮ್ಮನ ಮೇಲೆ ತಿರುಗಿತು. ಅವಳು ಸಾಗರದ ಕಡೆಯವಳು, ಅಣೆಕಟ್ಟಿನಲ್ಲಿ ಜಲ್ಲಿ ಹೊರುತ್ತಿದ್ದಳು. ಸಂಜೆ ಅಂಗಡಿಯ ಹತ್ತಿರ ಅವಳನ್ನು ನಾನೇ ಕಂಡಿದ್ದೆ. "ಆ ಬೆತ್ತ ಅವಳಿಗೆ ಬೀಳಬೇಕಿತ್ತು" ಎಂದೆ.

ನರ್ಸಮ್ಮ "ನಾಳೆ ನನ್ನ ಜೊತೆ ಬನ್ನಿ" ಎಂದರು.

ಮರುದಿನ ಭಾನುವಾರ. ಶೆಡ್ಡಿನ ಮುಂದೆ ಚೌಡಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಮತ್ತೆ ಬಸುರಿ, ಮೂರು ತಿಂಗಳು. ನರ್ಸಮ್ಮ ಎದುರಿಗೆ ಕೂತು, ಈ ಸಲ ಕುಡಿಯಬೇಡ, ಗಿರಿಜಾ ಹೀಗಾಗಿರುವುದು ಅದರಿಂದಲೇ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಚೌಡಮ್ಮನ ಕೈ ಮೊರದಲ್ಲೇ ನಿಂತಿತು.

"ಗಿರಿಜಾ ಹೊಟ್ಟೇಲಿದ್ದಾಗ ಬೆನ್ನು ಎತ್ತಕ್ಕಾಗ್ತಿರ್ಲಿಲ್ಲ ನರ್ಸಮ್ಮ, ಅದ್ಕೆ ಸಂಜೆ ಒಂಚೂರು ಹಾಕ್ತಿದ್ದೆ. ಬಸ್ರಿ ಅಂತ ಬಿಡಣ ಅಂತಿದ್ದೆ. ಏಳನೇ ತಿಂಗ್ಳಲ್ಲಿ ನೋವು ಬಂತಲ್ಲ, ಆವಾಗ ಆಸ್ಪತ್ರೆಲೇ ಬ್ರಾಂದಿ ಕೊಟ್ರು. ನೋವು ನಿಲ್ತು. ಆಸ್ಪತ್ರೆಯೋರೇ ಕೊಡ್ತಾರೆ ಅಂದ್ಮೇಲೆ ಒಳ್ಳೇದೇ ಅಲ್ದಾ ಅಂದ್ಕಂಡೆ. ಬ್ರಾಂದಿ ತರಕ್ಕೆ ನಮ್ಗೆಲ್ಲಾಗ್ತದೆ? ಸಾರಾಯೇ ಕುಡ್ದೆ."

ನರ್ಸಮ್ಮ ತಲೆ ತಗ್ಗಿಸಿದರು. ನಂತರ ಮುಖ ಎತ್ತಿ ಹೇಳಿದರು:

"ಕೊಟ್ಟೋಳು ನಾನೇ ಚೌಡಮ್ಮ. ಸಾಗರದ ಆಸ್ಪತ್ರೆಲಿ ಆಗ ನಾನಿದ್ದೆ. ನಿಂಗೆ ಗುರ್ತಾಗ್ಲಿಲ್ಲ, ನಂಗೆ ನಿನ್ನ ನೋಡಿದ ದಿನವೇ ಗುರ್ತಾಗಿತ್ತು. ಹೊತ್ತಿಗೆ ಮುಂಚೆ ನೋವು ಬಂದ್ರೆ ಬ್ರಾಂದಿ ಕೊಡಿ ಅಂತ ಡಾಕ್ಟ್ರು ಹೇಳ್ತಿದ್ರು. ಆಗ ಎಲ್ರೂ ಹಂಗೇ ಮಾಡ್ತಿದ್ರು. ನಾನೂ ಲೋಟದಲ್ಲಿ ಹಾಕಿ ಕೊಟ್ಟೆ. ಮನೆಗೆ ಹೋದ್ಮೇಲೂ ನಾಕು ದಿನ ತಗ ಅಂದೆ."

ಇದನ್ನು ಅವರು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಚೌಡಮ್ಮ ಅವರ ಮುಖ ನೋಡಿ ಕೇಳಿದಳು:

"ನೀವು ಬೇಕಂತ ಕೊಟ್ರಾ?"

"ಇಲ್ಲ."

"ನಾನೂ ಬೇಕಂತ ಕುಡೀಲಿಲ್ಲ" ಎಂದಳು ಚೌಡಮ್ಮ. ಮೊರ ಕೆಳಗಿಟ್ಟು, ಒಳಗೆ ಹೋಗಿ ಒಲೆ ಹಚ್ಚಿ, ಮೂವರಿಗೂ ಚಹಾ ಮಾಡಿದಳು. ಕುಡಿಯುತ್ತ ಇಬ್ಬರೂ ಅತ್ತರು. ನಾನು ಬೆತ್ತದ ಮಾತು ಆಡಿದವಳು, ಎಲ್ಲಿ ನೋಡಬೇಕೆಂದು ತಿಳಿಯದೆ ಲೋಟದೊಳಗೆ ನೋಡುತ್ತಿದ್ದೆ.

ಮಾರನೆಯ ದಿನದಿಂದ ನರ್ಸಮ್ಮನ ಇನ್ನೊಂದು ಕೆಲಸ ಶುರುವಾಯಿತು. ಮೇಸ್ತ್ರಿಯ ಬೆನ್ನು ಹತ್ತಿ ಚೌಡಮ್ಮನನ್ನು ಜಲ್ಲಿ ಹೊರುವುದರಿಂದ ಬಿಡಿಸಿ ಮರಳು ಜರಡಿ ಹಿಡಿಯುವ ಕೆಲಸಕ್ಕೆ ಹಾಕಿಸಿದರು. ಸಂಜೆ ಕೆಲಸ ಬಿಡುವ ಹೊತ್ತಿಗೆ ಹೋಗಿ ನಿಂತು, ಅವಳ ಜೊತೆ ಮಾತಾಡುತ್ತ ಸಾರಾಯಿ ಅಂಗಡಿ ದಾಟಿಸಿ ಶೆಡ್ಡಿನವರೆಗೆ ನಡೆಯುತ್ತಿದ್ದರು. ಬೆನ್ನಿಗೆ ಬಿಸಿ ಮರಳಿನ ಗಂಟಿನಿಂದ ಕಾವು ಕೊಡುವುದನ್ನು ಕಲಿಸಿದರು. ಒಂದು ದಿನ ಅವರು ಬರುವಷ್ಟರಲ್ಲಿ ಚೌಡಮ್ಮ ಕುಡಿದುಬಿಟ್ಟಿದ್ದಳು, ಅವರನ್ನು ಕಂಡು ಮುಖ ಮುಚ್ಚಿಕೊಂಡಳು. "ನಿನ್ನೆವರೆಗೆ ಬಿಟ್ಟಿದ್ದು ಎಲ್ಲೂ ಹೋಗಲ್ಲ. ನಾಳೆ ಬಿಡು" ಎಂದು ಎಂದಿನಂತೆ ಪಕ್ಕದಲ್ಲಿ ನಡೆದರು. ಅವಳನ್ನು ನೋಡಿ ಶೆಡ್ಡಿನ ಇನ್ನೂ ಇಬ್ಬರು ಬಸುರಿಯರು ಆ ಗುಂಪಿಗೆ ಸೇರಿದರು.

ಅದೇ ಸಮಯಕ್ಕೆ ನಾನೂ ಬಸುರಿಯಾದೆ. ಐದನೇ ತಿಂಗಳಲ್ಲಿ ನರ್ಸಮ್ಮ ನಮ್ಮ ಮನೆಗೆ ಬಂದವರು ಅಡುಗೆಮನೆಯಲ್ಲಿ ನನ್ನ ಎದುರಿಗಿದ್ದ ಲೋಟ ಎತ್ತಿ ಮೂಸಿದರು. ಮೊಟ್ಟೆ ಕದಡಿದ ಬ್ರಾಂದಿ. ಸೊಂಟಕ್ಕೆ ಬಲ ಬರಲೆಂದು ನಮ್ಮ ಅತ್ತೆ ಮೂರು ವಾರದಿಂದ ಸಂಜೆ ಕೊಡುತ್ತಿದ್ದರು. ಅಕ್ಕಿ ಡಬ್ಬಿಯ ಹಿಂದೆ ಬಾಟಲಿಯಿತ್ತು. ಇಷ್ಟೆಲ್ಲ ಕಂಡ ನನಗೆ ಅದು ಹೊಳೆದೇ ಇರಲಿಲ್ಲ. ಶೆಡ್ಡಿನಲ್ಲಿದ್ದರೆ ಸಾರಾಯಿ; ನಮ್ಮ ಮನೆಯಲ್ಲಿ ಅದರ ಹೆಸರು ಔಷಧಿ.

"ನಂಗೂ ನಮ್ಮತ್ತೆ ಕೊಟ್ಟಿದ್ರು" ಎಂದು ಅತ್ತೆ ಸಿಡುಕಿದರು. "ಮೂರು ಗಂಡುಮಕ್ಳು ಗಟ್ಟಿಯಾಗಿ ಹುಟ್ಟಿಲ್ವಾ?"

"ಹುಟ್ಟಿದ್ರು ಗೌಡ್ತಮ್ಮ. ಮಳೇಲಿ ನೆಂದೋರಿಗೆಲ್ಲ ಜ್ವರ ಬರಲ್ಲ. ಹಂಗಂತ ಬಸ್ರಿ ಸೊಸೆನ ಮಳೆಗೆ ನಿಲ್ಸ್ತೀರಾ?"

ಅತ್ತೆ ತಾವೇ ಬಾಟಲಿ ತಂದು ಬಚ್ಚಲಿಗೆ ಸುರಿದರು. ನಾನು ನರ್ಸಮ್ಮನ ಕೈ ಹಿಡಿದು, "ಮೂರು ವಾರ ಕುಡಿದೆನಲ್ಲ, ನನ್ನ ಮಗುವೂ..." ಎಂದೆ. ಆ ದಿನ ಅವರು ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದರು.

"ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲ ಕಣೆ. ಆಗೇ ಆಗ್ತದೆ ಅಂತಲೂ ಹೇಳಲ್ಲ. ನಿಲ್ಸಿದ ದಿನದಿಂದಲೇ ಕೂಸಿಗೆ ಲಾಭ. ಇವತ್ತು ನಿಲ್ಸಿದೀಯ. ಊಟ ಮಾಡು."

ಅಂಗಡಿಗೆ ಬರುವ ಹೆಂಗಸರು ಕಡಿಮೆಯಾದರೆಂದು ಸಾರಾಯಿ ಗುತ್ತಿಗೆದಾರ ಸುಮ್ಮನಿರುತ್ತಾನೆಯೇ? ನರ್ಸಮ್ಮ ಕೆಲಸ ಬಿಟ್ಟು ಊರು ತಿರುಗುತ್ತಾರೆ, ವರದಿ ಕಳಿಸುವುದಿಲ್ಲ ಎಂದು ಮೇಲಿನವರಿಗೆ ದೂರು ಹೋಯಿತು. ವರದಿಯ ಮಾತು ನಿಜವೇ ಆಗಿತ್ತು. ಅವರಿಗೆ ಸಾಗರದ ಕಡೆಯ ಹಿನ್ನೀರಿನ ಆಚೆ, ಲಾಂಚಿನಲ್ಲಿ ದಾಟಿ ಹೋಗಬೇಕಾದ ತುಮರಿಗೆ ವರ್ಗವಾಯಿತು. ಚೌಡಮ್ಮನಿಗೆ ಆಗ ಏಳು ತಿಂಗಳು.

ಹೊರಡುವ ಮುನ್ನ ಶಾಲೆಗೆ ಬಂದು ನನ್ನನ್ನು ಹೊರಗೆ ಕರೆದರು. "ಸಂಜೆ ನೀನು ನಡೀತೀಯ ಅವಳ ಜೊತೆ?"

"ನಾನಾ? ಅತ್ತೆ ಏನಂತಾರೆ?"

"ಬಸ್ರಿ ನಡೆದ್ರೆ ಹೆರಿಗೆ ಸಲೀಸು ಅಂತ ಹೇಳು. ಅದು ಸುಳ್ಳೇನಲ್ಲ."

ಹೀಗೆ ಗೌಡರ ಮನೆಯ ಸೊಸೆ ಎರಡು ತಿಂಗಳು ದಿನಾ ಸಂಜೆ ಶೆಡ್ಡಿನ ಹೆಂಗಸರ ಜೊತೆ ಸಾರಾಯಿ ಅಂಗಡಿಯ ಮುಂದೆ ಹಾದುಹೋದಳು. ಊರವರು ಆಡಿಕೊಂಡರು. ಅಂಗಡಿಯವನು "ಟೀಚರಮ್ಮ, ನಿಮಗೂ ಒಂದು ಹಾಕ್ಲಾ?" ಎಂದ. ನನಗೆ ಕಣ್ಣೀರು ಬಂತು. ಚೌಡಮ್ಮ ನಿಂತು ಅವನ ವಂಶವನ್ನೆಲ್ಲ ಜಾಲಾಡಿದಳು. ಆ ದಿನದಿಂದ ನಾನು ಅವಳನ್ನು ದಾಟಿಸುತ್ತಿದ್ದೆನೋ, ಅವಳು ನನ್ನನ್ನು ದಾಟಿಸುತ್ತಿದ್ದಳೋ ಹೇಳಲಾರೆ.

ಚೌಡಮ್ಮನಿಗೆ ಗಂಡು ಮಗುವಾಯಿತು. ನರ್ಸಮ್ಮನಿಗೆ ಕಾಗದ ಹಾಕಿದೆ. ಅವರಿಗೆ ನೀರೆಂದರೆ ವಿಪರೀತ ಭಯ. ಲಾಂಚಿನಲ್ಲಿ ಕಂಬಿ ಹಿಡಿದು, ಈಚೆ ದಡದ ಹೊಳೆಬಾಗಿಲು ಬರುವವರೆಗೂ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರಂತೆ. ಹಾಗೆ ಹೊಳೆ ದಾಟಿ, ಎರಡು ಬಸ್ಸು ಬದಲಿಸಿ ಬಂದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಮೂಗಿನ ಕೆಳಗೆ ಕಿರುಬೆರಳು ಆಡಿಸಿದರು. ಅಲ್ಲಿ ತಗ್ಗಿತ್ತು. ಬೇಕೆಂದೇ ಪಕ್ಕದಲ್ಲಿ ಚಪ್ಪಾಳೆ ತಟ್ಟಿದರು. ಕೂಸು ಬೆಚ್ಚಿತು, ಅತ್ತಿತು; ಚೌಡಮ್ಮ ಎತ್ತಿಕೊಂಡ ಕೂಡಲೇ ಸುಮ್ಮನಾಗಿ ನಿದ್ದೆ ಹೋಯಿತು. "ಇಳೀತು" ಎಂದರು ನರ್ಸಮ್ಮ. ಆ ಒಂದು ಮಾತಿನಲ್ಲಿದ್ದ ಹಿಗ್ಗನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ತಿಂಗಳ ನಂತರ ಹುಟ್ಟಿದ ನನ್ನ ಮಗಳೂ ಚೆನ್ನಾಗಿಯೇ ಇದ್ದಳು.

ಗಿರಿಜಾ ನಾಲ್ಕನೇ ತರಗತಿಯವರೆಗೆ ನಮ್ಮ ಶಾಲೆಯಲ್ಲಿದ್ದಳು. ಹೆಸರು ಬರೆಯಲು ಕಲಿತಳು, ಕಳೆಯುವ ಲೆಕ್ಕ ಕೊನೆಗೂ ಬರಲಿಲ್ಲ. ದೊಡ್ಡವಳಾದ ಮೇಲೆ ಅರಣ್ಯ ಇಲಾಖೆಯ ಸಸಿಗಳಿಗೆ ನೀರು ಹಾಕುವ ಕೆಲಸ ಸಿಕ್ಕಿತು. ಅಲ್ಲಿಗೂ ನರ್ಸಮ್ಮ ಹೋಗಿ, ಮೆಲ್ಲಗೆ ಮಾತಾಡಿಸಿ, ಅಪರಿಚಿತರ ಜೊತೆ ಎಲ್ಲಿಗೂ ಕಳಿಸಬೇಡಿ ಎಂದು ಹೇಳಿಬಂದಿದ್ದರು. ಮಳೆಗಾಲ ಬಂತೆಂದರೆ ಮಲಗುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಅವಳ ಬದುಕು ಸರಿಹೋಯಿತೆಂದು ನಾನು ಹೇಳಲಾರೆ. ಅವಳನ್ನು ಪೆದ್ದಿ, ಹಟಮಾರಿ ಎಂದು ಹೊಡೆಯುವವರು ಇಲ್ಲವಾದರು. ಅದು ಸಣ್ಣ ವಿಷಯವೇನೂ ಆಗಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನರ್ಸಮ್ಮ ನಿವೃತ್ತರಾದರು. ಕೊನೆಯ ಎರಡು ವರ್ಷ ಅವರು ನಮ್ಮ ಊರಿನ ಆಸ್ಪತ್ರೆಗೇ ಮರಳಿ ಬಂದಿದ್ದರು. ಬೀಳ್ಕೊಡುಗೆಗೆ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಡಾಕ್ಟರು, ಅಧಿಕಾರಿಗಳು ಒಬ್ಬರಾದ ಮೇಲೆ ಒಬ್ಬರು ಅವರ ಸೇವೆಯನ್ನು ಹೊಗಳಿದರು. ಅಷ್ಟು ವರ್ಷ ಅವರ ನೋಟ್‌ಬುಕ್ಕನ್ನು ತೆರೆದು ನೋಡದವರೂ ಹೊಗಳಿದರು. ಹಾರ ಹಾಕಿ, ಶಾಲು ಹೊದಿಸಿ, ಎರಡು ಮಾತಾಡಿ ಎಂದು ಮೈಕಿನ ಮುಂದೆ ನಿಲ್ಲಿಸಿದರು.

"ನಂಗೆ ಭಾಷಣ ಬರಲ್ಲ" ಎಂದು ಶುರುಮಾಡಿದರು. "ಒಂದು ಹೇಳ್ಬೇಕಿತ್ತು. ಕೆಲಸಕ್ಕೆ ಸೇರಿದ ಮೇಲೆ ಬಹಳ ವರ್ಷ ನಾನು ಎಷ್ಟೋ ಬಸ್ರಿಯರಿಗೆ ಈ ಕೈಯಲ್ಲೇ ಬ್ರಾಂದಿ ಕೊಟ್ಟೀನಿ. ಆಗ ಗೊತ್ತಿರ್ಲಿಲ್ಲ. ಈಗ ಗೊತ್ತಾಗಿದೆ. ಬಸ್ರೀಲಿ ಒಂದು ತೊಟ್ಟೂ ಬೇಡ, ಯಾರು ಕೊಟ್ರೂ ಬೇಡ. ನಿಮ್ಮ ಮನೇಲಿ ಮಗು ಮೊದ್ದಾಗಿದ್ರೆ, ಹಟ ಮಾಡಿದ್ರೆ, ಬೆಚ್ಚಿಬೀಳ್ತಿದ್ರೆ ಹೊಡೀಬೇಡಿ. ತಾಯಿಗೂ ಬೈಬೇಡಿ. ನಂಗೆ ಬೈರಿ. ನನ್ನ ಹತ್ರ ಕರ್ಕೊಂಡು ಬನ್ನಿ."

ಕೈಮುಗಿದು ಕೂತುಬಿಟ್ಟರು. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಗಡಿಬಿಡಿಯಲ್ಲಿ ವಂದನಾರ್ಪಣೆ ಮುಗಿಸಿದರು. ನಾನು ಅವರ ಪೆಟ್ಟಿಗೆ ಎತ್ತಿಕೊಂಡು ತೀರ್ಥಹಳ್ಳಿಯ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಆಗ ಎದ್ದು ನಿಂತಳು. ಅವಳ ಕೈಹಿಡಿದುಕೊಂಡು ಹತ್ತು ಹನ್ನೆರಡರ ಒಬ್ಬ ಹುಡುಗಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹುಡುಗಿಯನ್ನು ನರ್ಸಮ್ಮನ ಹತ್ತಿರ ಕರೆತಂದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಒಳ್ಳೆಯ ಸೀರೆಯುಟ್ಟು ಕಾರಿನಲ್ಲಿ ಬಂದಿದ್ದ ಒಬ್ಬರು, ತಮ್ಮ ಮಗನನ್ನು ಮುಂದೆ ಬಿಟ್ಟುಕೊಂಡು.

ಬಸ್ಸು ಹಾರ್ನ್ ಹಾಕುತ್ತಿತ್ತು. ನರ್ಸಮ್ಮ ಹಾರ ತೆಗೆದು ನನ್ನ ಕೈಗೆ ಕೊಟ್ಟರು, ಶಾಲನ್ನು ಮಡಿಸಿ ಬದಿಗಿಟ್ಟರು. "ಬಸ್ಸಿಗೆ ಹೋಗು ಅಂತ ಹೇಳೇ" ಎಂದವರೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಮೊದಲು ಬಂದ ಹುಡುಗಿಯ ಕಡೆ ಕೈ ಚಾಚಿದರು.